ಓದುಗರು ಕೇಳಿದ್ದು: ಕಾರ್ಲ್ ಪರ್ಕಿನ್ಸ್ ಅಂದ್ರೆ ಬರೀ ಒಂದು ಶೂ ಹಾಡಾ?

ಹೋದ ಸಂಚಿಕೆಯಲ್ಲಿ ರಾಕ್ ಅಂಡ್ ರೋಲ್ ಶುರುವಾದ ಕಾಲದ ಬಗ್ಗೆ ಬರೆದಾಗ ಅಮೆರಿಕದ ಹಾಡುಗಾರ, ಗಿಟಾರ್ ವಾದಕ ಕಾರ್ಲ್ ಪರ್ಕಿನ್ಸ್ ಹೆಸರು ಬಂದಿತ್ತು. ಅದೊಂದು ಹೆಸರಿಗೆ ಇಷ್ಟೊಂದು ಪತ್ರ, ಮೇಲ್ ಬರುತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ. ಎಲ್ಲದಕ್ಕೂ ಜಾಗ ಸಾಲಲ್ಲ, ಒಂದೇ ತರ ಇದ್ದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ, ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಒಂದೇ ಸಾಲು, ಬೇಜಾರು ಮಾಡ್ಕೋಬೇಡಿ.

ಸರ್, ಬ್ಲೂ ಸ್ವೀಡ್ ಶೂಸ್ ಎಲ್ವಿಸ್ ಪ್ರೀಸ್ಲಿ ಹಾಡಲ್ವಾ? ನಮ್ಮಪ್ಪನ ಹತ್ರ ಕ್ಯಾಸೆಟ್ ಇತ್ತು, ಅದರ ಮೇಲೆ ಎಲ್ವಿಸ್ ಅಂತಾನೇ ಇತ್ತು. ನೀವು ಬೇರೆ ಯಾರದೋ ಹೆಸರು ಹಾಕಿದೀರ. (ಶಿವಮೊಗ್ಗ)

ನಿಮ್ಮಪ್ಪನ ಕ್ಯಾಸೆಟ್ಟೂ ಸರಿ, ನಾನು ಹಾಕಿದ ಹೆಸರೂ ಸರಿ. ಎಲ್ವಿಸ್ ಹಾಡಿದ್ದು ನಿಜ, ಆದ್ರೆ ಆ ಹಾಡು ಬರೆದಿದ್ದು, ಮೊದಲು ಹಾಡಿದ್ದು, ಅದಕ್ಕೆ ಲೀಡ್ (ಹಾಡಿನ ಮಧ್ಯೆ ಎದ್ದು ಕೇಳೋ ಮುಖ್ಯ) ಗಿಟಾರ್ ನುಡಿಸಿದ್ದು, ಮೂರೂ ಕಾರ್ಲ್ ಪರ್ಕಿನ್ಸೇ. 1955ರ ಡಿಸೆಂಬರ್ 19ಕ್ಕೆ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯ್ತು, 1956ರ ಜನವರಿ 1ಕ್ಕೆ ರಿಲೀಸ್. ಎಲ್ವಿಸ್ ಅದನ್ನ ರೆಕಾರ್ಡ್ ಮಾಡಿದ್ದು ಅದೇ ಜನವರಿ 30ಕ್ಕೆ, ನ್ಯೂಯಾರ್ಕಲ್ಲಿ, ಅವನ ಮೊದಲ ಎಲ್‌ಪಿಯ ಮೊದಲ ಹಾಡೇ ಅದು. ಎರಡನ್ನೂ ಒಂದಾದ್ಮೇಲೆ ಒಂದು ಕೇಳಿ ನೋಡಿ. ಶುರುವಲ್ಲಿ ಒಂದು, ಎರಡು, ಮೂರು ಅಂತ ಎಣಿಸೋ ಸಾಲು ಬರುತ್ತಲ್ಲ, ಅಲ್ಲಿ ಪರ್ಕಿನ್ಸ್ ಪ್ರತಿ ಸಾಲಾದ್ಮೇಲೆ ಎರಡು ಪೆಟ್ಟು ಕೊಟ್ಟು ನಿಧಾನಕ್ಕೆ ಮುಂದಿನ ಸಾಲಿಗೆ ಬರ್ತಾನೆ, ಎಲ್ವಿಸ್‌ಗೆ ಅಷ್ಟು ತಾಳ್ಮೆ ಇಲ್ಲ, ಓಡ್ತಾನೆ.

ಇನ್ನೊಂದು ವಿಷ್ಯ ಜನಕ್ಕೆ ಗೊತ್ತಿರಲ್ಲ, ಆ ಹಾಡಿನ ಮಟ್ಟಿಗೆ ಗೆದ್ದವನು ಪರ್ಕಿನ್ಸೇ. ಅವನ ರೆಕಾರ್ಡ್ ಅಮೆರಿಕದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯ್ತು, ಹಳ್ಳಿ ಕಡೆ ಬಿಳಿಯರ ಕಂಟ್ರಿ ಸಂಗೀತದ ಪಟ್ಟಿಯಲ್ಲೂ, ಕರಿಯರ ಸಂಗೀತಕ್ಕೆ ಅಂತಾನೇ ಇದ್ದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಮೇಲಕ್ಕೆ ಬಂತು, ಹತ್ತು ಲಕ್ಷದ ಮೇಲೆ ಮಾರಾಟ ಆಯ್ತು. ಎಲ್ವಿಸ್ ವರ್ಷನ್ ಪಟ್ಟಿಯಲ್ಲಿ ಅಷ್ಟು ಮೇಲಕ್ಕೆ ಹೋಗ್ಲೇ ಇಲ್ಲ.

ಇವನ ಹಿನ್ನೆಲೆ ಏನು? ಓದಿದ್ದೆಲ್ಲಿ, ಗಿಟಾರ್ ಯಾರ ಹತ್ರ ಕಲಿತ? (ಮಂಡ್ಯ, ಇದೇ ಪ್ರಶ್ನೆ ರಾಯಚೂರಿಂದಲೂ ಬಂದಿದೆ)

ಹುಟ್ಟಿದ್ದು 1932ರ ಏಪ್ರಿಲ್ 9ಕ್ಕೆ, ಟೆನೆಸ್ಸೀ ರಾಜ್ಯದ ಟಿಪ್ಟನ್‌ವಿಲ್ ಅನ್ನೋ ಊರಿನ ಹತ್ರ, ಮಿಸಿಸಿಪ್ಪಿ ನದಿ ಪಕ್ಕದ ಹತ್ತಿ ಬೆಳೆಯೋ ಸೀಮೆ ಅದು. ಅಪ್ಪ ಬಕ್, ಅಮ್ಮ ಲೂಯಿಸ್, ಸ್ವಂತ ಜಮೀನು ಇಲ್ಲ, ಇನ್ನೊಬ್ಬರ ಹೊಲ ಪಾಲಿಗೆ ಮಾಡ್ತಿದ್ರು, ಬೆಳೆದಿದ್ರಲ್ಲಿ ಭಾಗ ಹೊಲದ ಯಜಮಾನನಿಗೆ, ಉಳಿದಿದ್ದು ಸಾಲಕ್ಕೆ. ಆ ಸೀಮೆಯಲ್ಲಿ ಪಾಲಿಗೆ ಮಾಡೋರಲ್ಲಿ ಬಹಳ ಜನ ಕರಿಯರು, ಅವರ ಮಧ್ಯೆ ಈ ಬಿಳಿಯರ ಮನೆ. ಕಾರ್ಲ್ ಆರು ವರ್ಷದ ಹುಡುಗ ಆಗಿದ್ದಾಗಲೇ ಹತ್ತಿ ಬಿಡಿಸೋಕೆ ಹೋಗ್ತಿದ್ದ, ಅಲ್ಲಿ ಕೂಲಿಯವರು ಸಾಲಲ್ಲಿ ಹಾಡ್ಕೊಂಡು ಹೋಗೋ ಚರ್ಚ್ ಹಾಡು, ಬ್ಲೂಸು ಅನ್ನೋ ಕರಿಯರ ನೋವಿನ ಹಾಡು ಕಿವಿಗೆ ಬೀಳ್ತಿತ್ತು, ಶನಿವಾರ ರಾತ್ರಿ ಆದ್ರೆ ಅಪ್ಪನ ರೇಡಿಯೋದಲ್ಲಿ ನ್ಯಾಶ್‌ವಿಲ್ಲಿಂದ ಬರೋ ಗ್ರ್ಯಾಂಡ್ ಓಲ್ ಆಪ್ರಿ, ಅದು ಪೂರ್ತಿ ಕಂಟ್ರಿ ಸಂಗೀತದ ಪ್ರೋಗ್ರಾಂ. ಮುಂದೆ ಇವನು ಮಾಡಿದ್ದೆಲ್ಲ ಈ ಎರಡನ್ನೂ ಒಂದೇ ತಂತಿ ಮೇಲೆ ತಂದಿದ್ದೇ.

ಮೊದಲ ಗಿಟಾರು ಅಪ್ಪ ಸಿಗಾರ್ ಡಬ್ಬಕ್ಕೆ ಪೊರಕೆ ಕೋಲು ಸಿಗಿಸಿ ಮಾಡಿಕೊಟ್ಟಿದ್ದು. ಆಮೇಲೆ ನೆರೆಯವನೊಬ್ಬನ ಹತ್ರ ಎರಡು ಮೂರು ಡಾಲರಿಗೆ ಹಳೇ ಗಿಟಾರ್ ತಗೊಂಡ್ರು. ಕಲಿಸಿದ್ದು ಯಾವ ಮೇಷ್ಟ್ರೂ ಅಲ್ಲ, ಅದೇ ಹೊಲದಲ್ಲಿ ಹತ್ತಿ ಬಿಡಿಸ್ತಿದ್ದ ಜಾನ್ ವೆಸ್ಟ್‌ಬ್ರೂಕ್ ಅನ್ನೋ ವಯಸ್ಸಾದ ಕರಿಯ ಮನುಷ್ಯ. ಹುಡುಗ ಅವನನ್ನ ಅಂಕಲ್ ಜಾನ್ ಅಂತಿದ್ದ. ಸಂಜೆ ಕೆಲಸ ಮುಗಿಸಿ ಅವನ ಮನೆ ಜಗಲಿಗೆ ಓಡೋದು, ಅವನು ನುಡಿಸಿದ್ದನ್ನ ನೋಡೋದು, ಅಷ್ಟೇ ಪಾಠ. ಗಿಟಾರಿಗೆ ಮೈ ಬಗ್ಗಿಸಿ ಹತ್ರ ಕೂತ್ಕೋ, ತಂತಿ ಮಿಡಿಯೋದು ಒಳಗೆ ಬರಬೇಕು ಅಂತ ಮುದುಕ ಹೇಳ್ತಿದ್ದ ಅಂತ ಪರ್ಕಿನ್ಸ್ ಕೊನೆವರೆಗೂ ನೆನಪಿಸ್ಕೊಳ್ತಿದ್ದ. ಅಮೆರಿಕದಲ್ಲಿ ಬಿಳಿಯರಿಗೆ ಬೇರೆ ಶಾಲೆ, ಕರಿಯರಿಗೆ ಬೇರೆ ಶಾಲೆ ಅಂತಿದ್ದ ಕಾಲ ಅದು, ಈ ಜಗಲಿ ಪಾಠಕ್ಕೆ ಯಾರೂ ಅಡ್ಡ ಬರ್ಲಿಲ್ಲ, ಯಾಕಂದ್ರೆ ಇಬ್ರೂ ಒಂದೇ ಬಡತನದಲ್ಲಿದ್ರು.

ಓದು ಅಷ್ಟಕ್ಕಷ್ಟೇ. 1940ರ ದಶಕದ ಕೊನೆಗೆ ಮನೆಯವರು ಜಾಕ್ಸನ್ ಅನ್ನೋ ಪಟ್ಟಣದ ಕಡೆ ಬಂದ್ರು, ಅಣ್ಣ ಜೇ ಜೊತೆ ರಸ್ತೆ ಬದಿ ಬಾರ್‌ಗಳಲ್ಲಿ ಟಿಪ್ಸಿಗೆ ನುಡಿಸೋದು ಶುರು. ಆಮೇಲೆ ತಮ್ಮ ಕ್ಲೇಟನ್ ದೊಡ್ಡ ಬೇಸ್ ಹಿಡ್ಕೊಂಡ, ಡಬ್ಲ್ಯೂ.ಎಸ್. ಹಾಲೆಂಡ್ ಡ್ರಮ್ಸಿಗೆ ಬಂದ. ಹಗಲು ಬೇಕರಿ ಕೆಲಸ, ರಾತ್ರಿ ಬಾರು, ಕುಡುಕರ ಜಗಳ. 1953ರಲ್ಲಿ ವಾಲ್ಡಾ ಜೊತೆ ಮದುವೆ. 1954ರಲ್ಲಿ ರೇಡಿಯೋದಲ್ಲಿ ಎಲ್ವಿಸ್‌ನ ಮೊದಲ ರೆಕಾರ್ಡ್ ಬಂದಾಗ, ಇದು ನೀವು ನುಡಿಸೋ ತರಾನೇ ಇದೆಯಲ್ಲ ಅಂದವಳು ಅವಳೇ, ಅದನ್ನ ಕೇಳಿ ಇವರು ಗಾಡಿ ಹತ್ತಿ ಮೆಂಫಿಸ್‌ಗೆ ಹೋಗಿ ಸನ್ ರೆಕಾರ್ಡ್ಸ್ ಕಂಪನಿ ಮಾಲೀಕ ಸ್ಯಾಮ್ ಫಿಲಿಪ್ಸ್ ಬಾಗಿಲು ತಟ್ಟಿದ್ದು.

ನಾನು ಗಿಟಾರ್ ಕಲೀತಿದೀನಿ, ಎರಡು ವರ್ಷ ಆಯ್ತು. ಇವನ ಸ್ಟೈಲಲ್ಲಿ ಅಂಥದ್ದೇನಿದೆ? ಕೇಳೋಕೆ ಸಿಂಪಲ್ ಅನ್ಸುತ್ತೆ, ನುಡಿಸೋಕೆ ಹೋದ್ರೆ ಬರಲ್ಲ. (ಧಾರವಾಡ)

ಸಿಂಪಲ್ ಅನ್ಸೋದೇ ಅದರ ತೊಂದರೆ. ಮೊದಲು ತಂತಿ ಎಳೆಯೋದು, ಅಂದ್ರೆ ಬೆಂಡ್. ಹುಡುಗ ಆಗಿದ್ದಾಗ ತಂತಿ ಕಿತ್ತು ಹೋದ್ರೆ ಹೊಸದು ತರೋಕೆ ದುಡ್ಡಿಲ್ಲ, ಕಿತ್ತಿದ್ದನ್ನೇ ಗಂಟು ಹಾಕಿ ಮತ್ತೆ ಕಟ್ಟೋನು. ಆ ಗಂಟಿನ ಮೇಲೆ ಬೆರಳು ಜಾರಿಸಿದ್ರೆ ಕುಯ್ಯುತ್ತೆ, ಹಾಗಾಗಿ ಬೇರೆ ಫ್ರೆಟ್ಟಿಗೆ, ಅಂದ್ರೆ ಗಿಟಾರಿನ ಬೇರೆ ಮೆಟ್ಟಿಲಿಗೆ ಜಾರೋ ಬದಲು ಇದ್ದಲ್ಲೇ ತಂತಿಯನ್ನ ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದು ಅಭ್ಯಾಸ ಆಯ್ತು ಅಂತ ಅವನೇ ಹೇಳ್ಕೊಂಡಿದಾನೆ. ನಮ್ಮ ವೀಣೆಯಲ್ಲಿ ತಂತಿ ಎಳೆದು ಗಮಕ ತರ್ತಾರಲ್ಲ, ಕೈ ಕೆಲಸ ಹೆಚ್ಚೂ ಕಮ್ಮಿ ಅದೇ, ಆದ್ರೆ ಇವನು ಸ್ವರವನ್ನ ಪೂರ್ತಿ ಮೇಲಕ್ಕೆ ಒಯ್ಯಲ್ಲ, ಮಧ್ಯದಲ್ಲಿ ಬಿಟ್ಟುಬಿಡ್ತಾನೆ, ಆ ಅರ್ಧಂಬರ್ಧ ಜಾಗದಲ್ಲೇ ಬ್ಲೂಸ್ ಇರೋದು. ನೀವು ಟ್ಯೂನರ್ ಇಟ್ಕೊಂಡು ಕರೆಕ್ಟಾಗಿ ಬೆಂಡ್ ಮಾಡಿದ್ರೆ ಅದಕ್ಕೇ ಅವನ ತರ ಕೇಳಿಸಲ್ಲ.

ಎರಡನೇದು ಬಲಗೈ. ಕೆಳಗಿನ ದಪ್ಪ ತಂತಿಗಳನ್ನ ಅಂಗೈಯಲ್ಲಿ ಒತ್ತಿಟ್ಟು ಟಕ್ ಟಕ್ ಅಂತ ಓಡಿಸ್ತಾನೆ, ಅದರ ಮೇಲೆ ಕಾರ್ಡು (ಒಟ್ಟಿಗೆ ಮೀಟೋ ಸ್ವರಗಳು), ಮಧ್ಯೆ ಸಂದು ಸಿಕ್ಕಿದ್ರೆ ಲೀಡು. ಮತ್ತೆ ಇದನ್ನೆಲ್ಲ ಹಾಡ್ತಾ ಹಾಡ್ತಾ ಮಾಡ್ತಿದ್ದ ಅನ್ನೋದು ಮರೀಬೇಡಿ! ಎಲ್ವಿಸ್‌ಗೆ ಲೀಡ್ ನುಡಿಸೋಕೆ ಸ್ಕಾಟಿ ಮೂರ್ ಇದ್ದ, ಅದೇ ಸನ್ ಕಂಪನಿಯ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್‌ಗೆ ಲೂಥರ್ ಪರ್ಕಿನ್ಸ್ ಇದ್ದ, ಇವನಿಗೆ ಇವನೇ. ಹಾಡಿನ ಸಾಲಿಗೆ ಗಿಟಾರ್ ಉತ್ತರ ಕೊಡೋದು ಅಷ್ಟು ಸಲೀಸಾಗಿ ಬರ್ತಿದ್ದಿದ್ದು ಪ್ರಶ್ನೆ ಕೇಳೋನೂ ಉತ್ತರ ಹೇಳೋನೂ ಒಬ್ಬನೇ ಆಗಿದ್ರಿಂದ.

ಕಾರ್ಡ್ ವಿಷ್ಯಕ್ಕೆ ಬಂದ್ರೆ ಇವನ ಹನಿ ಡೋಂಟ್ ಹಾಡು ತಗೊಳ್ಳಿ. ಇ ಕಾರ್ಡಿಂದ ಸೀದಾ ಸಿ ಕಾರ್ಡಿಗೆ ಹಾರ್ತಾನೆ. ಆಗಿನ ಕಂಟ್ರಿ ಹಾಡುಗಳಲ್ಲಿ ಇ ಆದ್ಮೇಲೆ ಎ, ಬಿ ಅಷ್ಟೇ ರೂಢಿ, ಈ ಸಿ ಎಲ್ಲಿಂದಲೋ ಬಂದ ನೆಂಟನ ಹಾಗೆ ಒಳಗೆ ನುಗ್ಗುತ್ತೆ, ಕಿವಿ ತಟ್ ಅಂತ ಎಚ್ಚರ ಆಗುತ್ತೆ. ಮನೇಲಿ ಟ್ರೈ ಮಾಡಿ, ಎರಡೇ ಕಾರ್ಡು.

ಆ ಕಾಲದ ರೆಕಾರ್ಡಲ್ಲಿ ಕೇಳೋ ಗುಂಯ್ ಗುಂಯ್ ಪ್ರತಿಧ್ವನಿ ಮಾತ್ರ ಕೈಯಿಂದ ಬಂದಿದ್ದಲ್ಲ, ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ಮೆಷಿನ್ ಇಟ್ಕೊಂಡು ಒಂದರಲ್ಲಿ ರೆಕಾರ್ಡ್ ಮಾಡ್ತಾ ಇನ್ನೊಂದರಿಂದ ಒಂದು ಚೂರು ತಡವಾಗಿ ಅದೇ ಸೌಂಡ್ ವಾಪಸ್ ಸೇರಿಸ್ತಿದ್ದ. ಸ್ಲ್ಯಾಪ್‌ಬ್ಯಾಕ್ ಅಂತಾರೆ. ಈಗ ನಿಮ್ಮ ಫೋನಲ್ಲಿರೋ ಫ್ರೀ ಆ್ಯಪಲ್ಲೂ ಸಿಗುತ್ತೆ.

ಶೂ ಮೇಲೆ ಯಾರಾದ್ರೂ ಹಾಡು ಬರೀತಾರಾ? ಐಡಿಯಾ ಎಲ್ಲಿಂದ ಬಂತು? (ಬೆಂಗಳೂರು, ಜಯನಗರ)

ಬೀಜ ಹಾಕಿದ್ದು ಜಾನಿ ಕ್ಯಾಶ್. ಇಬ್ರೂ ಒಟ್ಟಿಗೆ ಶೋ ಮಾಡ್ತಿದ್ರು, ತಾನು ಏರ್‌ಫೋರ್ಸಲ್ಲಿ ಇದ್ದಾಗ ಜೊತೆಗಿದ್ದವನೊಬ್ಬ ಯೂನಿಫಾರ್ಮಿನ ಬೂಟನ್ನೇ ನೀಲಿ ಸ್ವೀಡ್ ಶೂ ಅಂತಿದ್ದ, ತುಳೀಬೇಡ್ರೋ ಅಂತ ತಮಾಷೆ ಮಾಡ್ತಿದ್ದ, ಇದರ ಮೇಲೆ ಒಂದು ಹಾಡು ಬರಿ ಅಂತ ಕ್ಯಾಶ್ ಹೇಳಿದ. ಶೂ ಬಗ್ಗೆ ನಂಗೇನ್ ಗೊತ್ತು ಅಂತ ಇವನು ಬಿಟ್ಟುಬಿಟ್ಟ. ಸ್ವೀಡ್ ಅಂದ್ರೆ ಒಳಮೈ ಉಜ್ಜಿ ಮೆತ್ತಗೆ ಮಾಡಿದ ಚರ್ಮ, ಒಂದು ಸಲ ಕೊಳೆ ಆದ್ರೆ ಕಥೆ ಮುಗೀತು, ಹತ್ತಿ ಹೊಲದಿಂದ ಬಂದವನಿಗೆ ಅದು ಯಾವ ಲೆಕ್ಕ.

ಆಮೇಲೆ 1955ರ ಕೊನೆಗೆ ಒಂದು ಡ್ಯಾನ್ಸ್‌ನಲ್ಲಿ ನುಡಿಸ್ತಿದ್ದಾಗ ಸ್ಟೇಜ್ ಹತ್ರಾನೇ ಒಬ್ಬ ಹುಡುಗ, ಜೊತೆಗೆ ಚೆಂದದ ಹುಡುಗಿ. ಅವಳ ಕಾಲು ಆ ಹುಡುಗನ ಶೂಗೆ ತಾಗಿದ್ದಕ್ಕೆ ಅವನು ಗದರಿಸಿದ, ನನ್ನ ಸ್ವೀಡ್ ತುಳೀಬೇಡ ಅಂತ. ಪರ್ಕಿನ್ಸ್‌ಗೆ ತಲೇಲಿ ಕೊರೆಯೋಕೆ ಶುರುವಾಯ್ತು, ಪಕ್ಕದಲ್ಲಿ ಅಂಥ ಹುಡುಗಿ ಇದ್ದಾಳೆ, ಇವನಿಗೆ ಶೂ ಚಿಂತೆ! ಆ ರಾತ್ರಿ ನಿದ್ದೆ ಬರದೆ ಮೂರು ಗಂಟೆ ಸುಮಾರಿಗೆ ಎದ್ದು, ಬರೆಯೋಕೆ ಹಾಳೆ ಸಿಗದೆ ಆಲೂಗಡ್ಡೆ ತಂದಿದ್ದ ಕಂದು ಪೇಪರ್ ಚೀಲದ ಮೇಲೆ ಗೀಚಿದ. ಸ್ವೀಡ್ ಸ್ಪೆಲಿಂಗೂ ತಪ್ಪು. ಶುರುವಿನ ಸಾಲುಗಳು ಮಕ್ಕಳು ಓಟದ ಪಂದ್ಯಕ್ಕೆ ಮುಂಚೆ ಎಣಿಸೋ ಹಳೇ ಪದ್ಯದಿಂದ ತಗೊಂಡಿದ್ದು. ನನ್ನ ಮನೆ ಸುಡು, ಕಾರ್ ಕದ್ಕೊಂಡು ಹೋಗು, ಶೂ ಮಾತ್ರ ಮುಟ್ಟಬೇಡ ಅನ್ನೋ ಧಾಟಿ ಇದೆಯಲ್ಲ, ನಂಗೆ ಅದರಲ್ಲಿ ನಗೂ ಕಾಣುತ್ತೆ, ಒಂದೇ ಒಂದು ಒಳ್ಳೆ ವಸ್ತು ಇಟ್ಕೊಂಡಿರೋ ಬಡವನ ಹಠಾನೂ ಕಾಣುತ್ತೆ. ಎಲ್ವಿಸ್ ಹಾಡಿದಾಗ ಎರಡನೇದು ಕೇಳಿಸಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರೋರು ಬರಬಹುದು.

ಲೂಥರ್ ಪರ್ಕಿನ್ಸ್ ಇವನ ಅಣ್ಣಾನಾ ತಮ್ಮಾನಾ? (ಚಿಕ್ಕಮಗಳೂರು)

ಎರಡೂ ಅಲ್ಲ, ಸಂಬಂಧಾನೇ ಇಲ್ಲ.

ಆಕ್ಸಿಡೆಂಟ್ ಆಗದೇ ಇದ್ದಿದ್ರೆ ಎಲ್ವಿಸ್ ಜಾಗದಲ್ಲಿ ಪರ್ಕಿನ್ಸ್ ಇರ್ತಿದ್ದ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜಾನಾ? ಪಾಪ ಎಂಥ ದುರಾದೃಷ್ಟ ಅಲ್ವಾ. (ದಾವಣಗೆರೆ)

ಈ ಕಥೆ ಕೇಳಿ ಕೇಳಿ ನಂಗೆ ಸಾಕಾಗಿದೆ, ಆದ್ರೂ ನೀವು ಕೇಳಿದ್ದಕ್ಕೆ ಮೊದಲು ನಡೆದಿದ್ದು ಹೇಳ್ತೀನಿ. 1956ರ ಮಾರ್ಚ್ 21ಕ್ಕೆ ವರ್ಜೀನಿಯಾದ ನಾರ್ಫಕ್‌ನಲ್ಲಿ ಶೋ ಮುಗಿಸಿ ನ್ಯೂಯಾರ್ಕ್ ಕಡೆ ಹೊರಟ್ರು, ಪೆರಿ ಕೋಮೋ ಅನ್ನೋನ ಟೀವಿ ಶೋ ಇತ್ತು, ಇಡೀ ದೇಶ ನೋಡೋ ಪ್ರೋಗ್ರಾಂ. 22ನೇ ತಾರೀಕು ಡೆಲವೇರ್ ರಾಜ್ಯದ ಡೋವರ್ ಹತ್ರ ಇವರ ಕಾರು ಮುಂದೆ ಹೋಗ್ತಿದ್ದ ಪಿಕಪ್ ಟ್ರಕ್ಕಿಗೆ ಹಿಂದಿನಿಂದ ಗುದ್ದಿತು. ಟ್ರಕ್ ಓಡಿಸ್ತಿದ್ದವರು ತೀರ್ಕೊಂಡ್ರು, ಈ ಕಥೆ ಹೇಳೋ ಯಾರೂ ಅವರ ವಿಷ್ಯ ಎತ್ತಲ್ಲ. ಕಾರ್ಲ್ ನೀರಲ್ಲಿ ಮುಖ ಅಡಿಯಾಗಿ ಬಿದ್ದಿದ್ದ, ಡ್ರಮ್ಮರ್ ಹಾಲೆಂಡ್ ನೋಡಿ ತಿರುಗಿಸಿ ಮಲಗಿಸಿದ್ದಕ್ಕೆ ಉಳ್ಕೊಂಡ. ಕುತ್ತಿಗೆ ಮೂಳೆ ಮೂರು ಕಡೆ ಬಿರುಕು, ಭುಜದ ಮೂಳೆ ಮುರಿದಿದೆ, ತಲೆಗೆ ಪೆಟ್ಟು. ಅಣ್ಣ ಜೇಗೂ ಕುತ್ತಿಗೆ ಮುರಿದಿತ್ತು. ಎಲ್ವಿಸ್ ಟೆಲಿಗ್ರಾಂ ಕಳಿಸಿದ, ಅವನ ಬ್ಯಾಂಡಿನವರು ಆಸ್ಪತ್ರೆಗೇ ಬಂದು ನೋಡ್ಕೊಂಡು ಹೋದ್ರು. ಏಪ್ರಿಲ್ 3ಕ್ಕೆ ಎಲ್ವಿಸ್ ಮಿಲ್ಟನ್ ಬರ್ಲ್ ಟೀವಿ ಶೋನಲ್ಲಿ ಇದೇ ಶೂ ಹಾಡು ಹಾಡಿದ.

ಇಲ್ಲಿವರೆಗೆ ಎಲ್ಲರೂ ಹೇಳ್ತಾರೆ, ಆಮೇಲಿಂದು ಹೇಳಲ್ಲ. ಅದೇ ಏಪ್ರಿಲ್ ತಿಂಗಳು ಮುಗಿಯೋದ್ರೊಳಗೆ ಪರ್ಕಿನ್ಸ್ ಮತ್ತೆ ಸ್ಟೇಜ್ ಹತ್ತಿದ್ದ. ಮೇ 26ಕ್ಕೆ ಅದೇ ಪೆರಿ ಕೋಮೋ ಶೋನಲ್ಲಿ ಹಾಡಿದ. ಆಸ್ಪತ್ರೆಲಿದ್ದಾಗಲೂ ರೆಕಾರ್ಡ್ ಮಾರಾಟ ನಿಂತಿರ್ಲಿಲ್ಲ. ಅಂದ್ರೆ ಕಳ್ಕೊಂಡಿದ್ದು ಎರಡು ತಿಂಗಳು. ಅಷ್ಟರಿಂದಲೇ ಎಲ್ವಿಸ್ ಜಾಗ ತಪ್ಪಿತು ಅನ್ನೋದು ಲೆಕ್ಕಕ್ಕೆ ಕೂರಲ್ಲ. ಎಲ್ವಿಸ್ ಆಗಲೇ ಜನವರಿಯಿಂದ ಟೀವಿಯಲ್ಲಿ ಬರ್ತಿದ್ದ, ಅವನ ಹಿಂದೆ ಆರ್‌ಸಿಎ ಅನ್ನೋ ದೊಡ್ಡ ಕಂಪನಿ, ಕರ್ನಲ್ ಪಾರ್ಕರ್ ಅಂಥ ಮ್ಯಾನೇಜರು. ಸನ್ ರೆಕಾರ್ಡ್ಸ್ ಒಂದು ಸಣ್ಣ ಅಂಗಡಿ, 1955ರ ನವೆಂಬರಲ್ಲಿ ಎಲ್ವಿಸ್ ಕಾಂಟ್ರ್ಯಾಕ್ಟನ್ನ 35,000 ಡಾಲರಿಗೆ ಆರ್‌ಸಿಎಗೆ ಮಾರಿದ್ದೇ ಅವರು. ಮತ್ತೆ ಪರ್ಕಿನ್ಸ್‌ನ ಮುಂದಿನ ಹಾಡುಗಳು, ಬಾಪಿನ್ ದ ಬ್ಲೂಸ್ ತರದ್ದು, ನಂಗೆ ತುಂಬಾ ಇಷ್ಟ, ಆದ್ರೆ ಪಾಪ್ ಪಟ್ಟಿಯಲ್ಲಿ ಮೊದಲಿನ ಹಾಡಿನ ಹತ್ರಕ್ಕೂ ಬರ್ಲಿಲ್ಲ. ಹೈಸ್ಕೂಲ್ ಹುಡುಗೀರು ಪೋಸ್ಟರ್ ಅಂಟಿಸ್ಕೊಳ್ಳೋದು ಎಲ್ವಿಸ್‌ದು, ಇವನು ಹೆಂಡತಿ ಮಕ್ಕಳಿದ್ದ, ಹಳ್ಳಿ ಮುಖದ, ಬಾರ್ ಗಲಾಟೆ, ಹತ್ತಿ ಹೊಲದ ಬಗ್ಗೆ ಬರೆಯೋ ಮನುಷ್ಯ. ಎಲ್ವಿಸ್‌ಗೆ ರೂಪ, ಕುಣಿತ, ಮ್ಯಾನೇಜರ್, ಪ್ರತಿಭೆ ಎಲ್ಲಾ ಇತ್ತು ಅಂತ ಪರ್ಕಿನ್ಸೇ ಹೇಳ್ತಿದ್ದ, ಅದರಲ್ಲಿ ಹೊಟ್ಟೆಕಿಚ್ಚು ಇರ್ಲಿಲ್ಲ. ದುರಾದೃಷ್ಟ ಅಂತ ಒಂದು ಇದ್ರೆ ಅದು ಟೀವಿ ಶೋ ತಪ್ಪಿದ್ದಲ್ಲ, ಅಣ್ಣಂದು. ಜೇ ಆಕ್ಸಿಡೆಂಟ್ ಆದ್ಮೇಲೆ ಪೂರ್ತಿ ಚೇತರಿಸ್ಕೊಳ್ಲೇ ಇಲ್ಲ, 1958ರಲ್ಲಿ ಮೆದುಳಿನ ಟ್ಯೂಮರಿಂದ ಸತ್ತ. ಪರ್ಕಿನ್ಸ್ ಕುಡಿತಕ್ಕೆ ಜೋರಾಗಿ ಬಿದ್ದಿದ್ದು ಆ ವರ್ಷಗಳಲ್ಲೇ.

ಮಿಲಿಯನ್ ಡಾಲರ್ ಕ್ವಾರ್ಟೆಟ್ ಅಂತ ಫೋಟೋ ಓಡಾಡ್ತಿರುತ್ತಲ್ಲ, ಎಲ್ವಿಸ್ ಪಿಯಾನೋ ಮುಂದೆ ಕೂತಿರೋದು. ಅದರಲ್ಲಿ ಗಿಟಾರ್ ಹಿಡಿದಿರೋನು ಇವನೇನಾ? (ಮಂಗಳೂರು)

ಇವನೇ. 1956ರ ಡಿಸೆಂಬರ್ 4. ತಮಾಷೆ ಅಂದ್ರೆ ಅವತ್ತು ಸ್ಟುಡಿಯೋ ಬುಕ್ ಆಗಿದ್ದಿದ್ದು ಪರ್ಕಿನ್ಸ್ ಹೆಸರಿಗೆ, ತನ್ನ ಹಾಡು ಮ್ಯಾಚ್‌ಬಾಕ್ಸ್ ರೆಕಾರ್ಡ್ ಮಾಡ್ತಿದ್ದ, ಪಿಯಾನೋಗೆ ಅಂತ ಹೊಸ ಹುಡುಗ ಜೆರಿ ಲೀ ಲೂಯಿಸ್‌ನ ಕರೆಸಿದ್ರು, ಎಲ್ವಿಸ್ ದಾರೀಲಿ ಹೋಗ್ತಾ ಸುಮ್ನೆ ಒಳಗೆ ಬಂದ, ಕ್ಯಾಶೂ ಇದ್ದ, ಎಲ್ರೂ ಸೇರ್ಕೊಂಡು ಚರ್ಚ್ ಹಾಡು, ಹಳೇ ಕಂಟ್ರಿ ಹಾಡು ಅಂತ ಹರಟೆ ಹೊಡ್ಕೊಂಡು ಹಾಡಿದ್ರು. ಟೇಪ್ ಓಡ್ತಾ ಇತ್ತು. ಅದು ಅಂಗಡಿಗೆ ಬಂದಿದ್ದು 1980ರ ದಶಕದಲ್ಲಿ.

ಬೀಟಲ್ಸ್ ಇವನ ಅಭಿಮಾನಿಗಳು ಅಂತ ಬರೆದಿದ್ರಿ. ಎಷ್ಟರ ಮಟ್ಟಿಗೆ? ನಾನು ಜಾರ್ಜ್ ಹ್ಯಾರಿಸನ್ ಹುಚ್ಚಿ. (ಮೈಸೂರು)

ಹಾಗಾದ್ರೆ ಇದು ಕೇಳಿ: 1960ರಲ್ಲಿ ಇನ್ನೂ ಹೆಸರಿಲ್ಲದ ಕಾಲದಲ್ಲಿ ಸ್ಕಾಟ್‌ಲೆಂಡ್ ಟೂರ್ ಹೋಗುವಾಗ ನಿಮ್ಮ ಜಾರ್ಜ್ ಇಟ್ಕೊಂಡ ಸ್ಟೇಜ್ ಹೆಸರು ಕಾರ್ಲ್ ಹ್ಯಾರಿಸನ್. 1964ರ ಮೇ ತಿಂಗಳಲ್ಲಿ ಪರ್ಕಿನ್ಸ್ ಇನ್ನೊಬ್ಬ ರಾಕ್ ಅಂಡ್ ರೋಲ್ ಹಾಡುಗಾರ ಚಕ್ ಬೆರಿ ಜೊತೆ ಇಂಗ್ಲೆಂಡ್ ಟೂರ್ ಹೋಗಿದ್ದ. ಅಮೆರಿಕದಲ್ಲಿ ಅಷ್ಟೊತ್ತಿಗೆ ಇವನನ್ನ ಕೇಳೋರಿಲ್ಲ, ಇಲ್ಲೂ ಯಾರಿಗೆ ನೆನಪಿರುತ್ತೆ ಅಂತ ಅಂದ್ಕೊಂಡೇ ಹೋಗಿದ್ದು, ಪಾರ್ಟಿಯಲ್ಲಿ ನೋಡಿದ್ರೆ ನಾಲ್ಕೂ ಜನ ಬೀಟಲ್ಸು ಸುತ್ತ ಕೂತು ಆ ಬೆಂಡ್ ಹೆಂಗೆ ಈ ರಿಫ್ ಹೆಂಗೆ ಅಂತ ಕೇಳ್ತಿದಾರೆ. ಜೂನ್ 1ಕ್ಕೆ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಅವರು ಮ್ಯಾಚ್‌ಬಾಕ್ಸ್ ರೆಕಾರ್ಡ್ ಮಾಡಿದಾಗ ಇವನು ಅಲ್ಲೇ ಇದ್ದ, ಹಾಡಿದ್ದು ಅವರ ಡ್ರಮ್ಮರ್ ರಿಂಗೋ. ಅದೇ ವರ್ಷ ಡಿಸೆಂಬರಲ್ಲಿ ಬಂದ ಬೀಟಲ್ಸ್ ಫಾರ್ ಸೇಲ್ ಆಲ್ಬಮಲ್ಲಿ ಹನಿ ಡೋಂಟ್ ರಿಂಗೋ ಹಾಡಿದಾನೆ, ಎವ್ರಿಬಡೀಸ್ ಟ್ರೈಯಿಂಗ್ ಟು ಬಿ ಮೈ ಬೇಬಿ ಜಾರ್ಜ್. ಆಗ ಬೀಟಲ್ಸ್ ಒಂದು ಹಾಡು ತಗೊಂಡ್ರೆ ಏನರ್ಥ ಅಂತ ಹೇಳ್ಬೇಕಾಗಿಲ್ಲ, ಇವನ ಮನೆಗೆ ಚೆಕ್ ಬರೋಕೆ ಶುರುವಾಯ್ತು.

1985ರ ಅಕ್ಟೋಬರಲ್ಲಿ ಲಂಡನ್ನಲ್ಲಿ ಒಂದು ಟೀವಿ ಕಾನ್ಸರ್ಟ್ ಮಾಡಿದ್ರು, ಜಾರ್ಜ್, ರಿಂಗೋ, ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್, ಡೇವ್ ಎಡ್ಮಂಡ್ಸ್, ಕ್ಯಾಶ್ ಮಗಳು ರೋಸಾನ್, ಎಲ್ಲರೂ ಇವನ ಸುತ್ತ ಅರ್ಧ ಚಕ್ರ ಹಾಕಿ ಕೂತಿದಾರೆ. ಜಾರ್ಜ್ ಸ್ಟೇಜ್ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಇವನಿಗೋಸ್ಕರ ಬಂದ. ಹುಡುಕಿ ನೋಡಿ, ಜಾರ್ಜ್ ಅಷ್ಟು ಹಲ್ಲು ಬಿಟ್ಕೊಂಡು ನುಡಿಸೋದು ಬೇರೆ ಎಲ್ಲೂ ಸಿಗಲ್ಲ. 1998ರ ಜನವರಿ 19ಕ್ಕೆ ಪರ್ಕಿನ್ಸ್ ತೀರ್ಕೊಂಡ, 65 ವರ್ಷ, ಗಂಟಲ ಕ್ಯಾನ್ಸರ್ ಮೊದಲೇ ಇತ್ತು, ಮೇಲಿಂದ ಸ್ಟ್ರೋಕ್ ಬೇರೆ. ಜಾಕ್ಸನ್ನಲ್ಲಿ ನಡೆದ ಅಂತ್ಯಕ್ರಿಯೆಗೆ ಜಾರ್ಜ್ ಬಂದು ಗಿಟಾರ್ ಹಿಡಿದು ಯುವರ್ ಟ್ರೂ ಲವ್ ಅನ್ನೋ ಇವನ ಹಾಡನ್ನೇ ಹಾಡಿದ.

ಇನ್ನೊಬ್ಬ ಬೀಟಲ್ ಪಾಲ್ ಮೆಕಾರ್ಟ್ನಿದು ಬೇರೆ ಕಥೆ. 1981ರಲ್ಲಿ, ಬೀಟಲ್ಸ್ ಗೆಳೆಯ ಜಾನ್ ಲೆನನ್ ಕೊಲೆ ಆಗಿ ಕೆಲವೇ ತಿಂಗಳು, ಮಾಂಟ್‌ಸೆರಾಟ್ ದ್ವೀಪದ ಸ್ಟುಡಿಯೋಗೆ ಪರ್ಕಿನ್ಸ್‌ನ ಕರೆಸ್ಕೊಂಡು ಗೆಟ್ ಇಟ್ ಅನ್ನೋ ಹಾಡು ಜೊತೆಗೆ ಹಾಡಿದ. ಹೊರಡೋ ಹಿಂದಿನ ರಾತ್ರಿ ಪರ್ಕಿನ್ಸ್ ಥ್ಯಾಂಕ್ಸ್ ಹೇಳೋಕೆ ಅಂತ ಮೈ ಓಲ್ಡ್ ಫ್ರೆಂಡ್ ಅನ್ನೋ ಹಾಡು ಬರೆದು ಬೆಳಿಗ್ಗೆ ಹಾಡಿ ತೋರಿಸಿದ್ರೆ ಪಾಲ್ ಅಳ್ತಾ ಎದ್ದು ಹೊರಗೆ ಹೋದನಂತೆ. ಹಳೇ ಗೆಳೆಯ, ಆಗಾಗ ನೆನಪಿಸ್ಕೋ ಅನ್ನೋ ಅರ್ಥದ ಸಾಲು ಅದರಲ್ಲಿತ್ತು, ಲೆನನ್ ಪಾಲ್‌ಗೆ ಕೊನೇಲಿ ಹೇಳಿದ ಮಾತೂ ಹೆಚ್ಚುಕಮ್ಮಿ ಅದೇ ಅಂತ ಪಾಲ್ ಹೆಂಡತಿ ಲಿಂಡಾ ಹೇಳಿದ್ರಂತೆ. ಇದು ಪರ್ಕಿನ್ಸ್ ಬಾಯಲ್ಲೇ ಕೇಳಿದ ಕಥೆ, ಸಂದರ್ಶನದಲ್ಲಿ ಅವನೂ ಕಣ್ಣು ಒರೆಸ್ಕೊಂಡೇ ಹೇಳ್ತಾನೆ.

ರಾಕ್ ಅಂತೀರ, ಕಂಟ್ರಿ ಅಂತೀರ. ಇವನನ್ನ ಯಾವುದಕ್ಕೆ ಸೇರಿಸೋದು? (ಹುಬ್ಬಳ್ಳಿ)

ಅಂಗಡಿಯವರಿಗೆ ರ್ಯಾಕ್ ಬೇಕು, ಇವನಿಗೆ ಬೇಕಿರ್ಲಿಲ್ಲ. ರಾಕಬಿಲಿ ಅಂತ ಒಂದು ಹೆಸರು ಕೊಟ್ಟಿದಾರೆ, ಹಳ್ಳಿ ಕಡೆ ಬಿಳಿಯರ ಕಂಟ್ರಿ ಹಾಡಿಗೆ ಬ್ಲೂಸ್ ತಾಳ ಹಾಕಿದ್ದು ಅಂತಿಟ್ಕೊಳ್ಳಿ. ಆದ್ರೆ 1960ರ ದಶಕದ ಕೊನೆಯಿಂದ ಇವನ ಸಂಬಳ ಬಂದಿದ್ದು ಕಂಟ್ರಿಯಿಂದಲೇ. ಜಾನಿ ಕ್ಯಾಶ್ ತನ್ನ ಟ್ರೂಪಿಗೆ ಸೇರಿಸ್ಕೊಂಡ, ಸುಮಾರು ಹತ್ತು ವರ್ಷ ಅವನ ಜೊತೆ ಊರೂರು ಸುತ್ತಿದ. ಹತ್ತು ಲಕ್ಷ ಮಾರಿದ ಹಾಡಿನವನು ಇನ್ನೊಬ್ಬನ ಹಿಂದೆ ನಿಂತು ನುಡಿಸೋದು ಎಷ್ಟು ಜನಕ್ಕೆ ಸಾಧ್ಯ ಹೇಳಿ. 1969ರಲ್ಲಿ ಸ್ಯಾನ್ ಕ್ವೆಂಟಿನ್ ಜೈಲಲ್ಲಿ ಕ್ಯಾಶ್ ಮಾಡಿದ ಕಾನ್ಸರ್ಟ್ ಇದೆಯಲ್ಲ, ಅಲ್ಲಿ ಎ ಬಾಯ್ ನೇಮ್ಡ್ ಸ್ಯೂ ಹಾಡನ್ನ ಬ್ಯಾಂಡ್ ಪ್ರಾಕ್ಟೀಸೇ ಮಾಡಿರ್ಲಿಲ್ಲ, ಕ್ಯಾಶ್ ಪೇಪರ್ ನೋಡ್ಕೊಂಡು ಓದ್ತಿದಾನೆ, ಹಿಂದೆ ಇವರು ಅಲ್ಲೇ ಹೊಂದಿಸ್ಕೊಂಡು ನುಡಿಸಿದ್ದು, ಆ ಕುಣಿಯೋ ಗಿಟಾರ್ ಪರ್ಕಿನ್ಸ್‌ದು.

ಕುಡಿತ ಬಿಟ್ಟಿದ್ದೂ ಆ ಟೈಮಲ್ಲೇ. 1968ರಲ್ಲಿ ಕ್ಯಾಲಿಫೋರ್ನಿಯಾ ಟೂರಲ್ಲಿ ನಾಲ್ಕು ದಿನ ಕುಡಿದು ಹಾಳಾಗಿ, ಸಮುದ್ರದ ದಡಕ್ಕೆ ಹೋಗಿ ಬಾಟ್ಲಿಯನ್ನ ನೀರಿಗೆ ಎಸೆದ. ಕ್ಯಾಶ್‌ಗೆ ಮಾತ್ರೆ ಚಟ, ಇವನಿಗೆ ವಿಸ್ಕಿ, ಇಬ್ರೂ ಒಬ್ಬರಿಗೊಬ್ಬರು ಕಾವಲು ಕೂತ ಹಾಗೆ. ಅದೇ ವರ್ಷ ಇವನು ಬರೆದ ಡ್ಯಾಡಿ ಸ್ಯಾಂಗ್ ಬೇಸ್ ಅನ್ನ ಕ್ಯಾಶ್ ಹಾಡಿ, 1969ರ ಶುರುವಲ್ಲಿ ಕಂಟ್ರಿ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿ ಕೂತ. ಅಪ್ಪ ಅಮ್ಮ ಮಕ್ಕಳೆಲ್ಲ ಸೇರಿ ಹಾಡ್ತಿದ್ದ ಬಡ ಮನೆ ಚಿತ್ರ ಅದು. ಇಪ್ಪತ್ತು ವರ್ಷ ಬಿಟ್ಟು 1989ರಲ್ಲಿ ದ ಜಡ್ಸ್ ಅನ್ನೋ ತಾಯಿ ಮಗಳ ಜೋಡಿ ಹಾಡಿದ ಲೆಟ್ ಮಿ ಟೆಲ್ ಯು ಅಬೌಟ್ ಲವ್ ಕೂಡ ನಂಬರ್ ಒನ್, ಬರೆದವರಲ್ಲಿ ಇವನೂ ಒಬ್ಬ. ಒಂದೇ ಹಾಡಿನ ಮನುಷ್ಯ ಅನ್ನೋರಿಗೆ ನಾನು ಈ ಎರಡನ್ನ ತೋರಿಸ್ತೀನಿ.

ಅಷ್ಟೆಲ್ಲ ಹಾಡು ಬರೆದು ಶ್ರೀಮಂತ ಆದ್ನಾ? (ತುಮಕೂರು)

ಬದುಕಿಗೆ ಕೊರತೆ ಆಗದಷ್ಟು, ಅದೂ ತಡವಾಗಿ. ಸನ್ ಕಾಲದ ರಾಯಲ್ಟಿ ಸರಿಯಾಗಿ ಬಂದಿಲ್ಲ ಅಂತ ಸ್ಯಾಮ್ ಫಿಲಿಪ್ಸ್ ಮೇಲೆ 1970ರ ದಶಕದಲ್ಲಿ ಕೋರ್ಟಿಗೆ ಹೋಗಿ ತನ್ನ ಹಾಡುಗಳ ಹಕ್ಕು ವಾಪಸ್ ಪಡೆದ, ಆಮೇಲೆ ಅವುಗಳ ವ್ಯವಹಾರ ನೋಡ್ಕೊಂಡಿದ್ದು ಮೆಕಾರ್ಟ್ನಿಯ ಎಂಪಿಎಲ್ ಕಂಪನಿ.

ಆದ್ರೆ ಒಂದು ಮಾತು ಹೇಳ್ಲೇಬೇಕು, ಇವನ ಕೈಯೂ ಪೂರ್ತಿ ಶುದ್ಧ ಅಲ್ಲ. ಮ್ಯಾಚ್‌ಬಾಕ್ಸ್ ಹಾಡಿನ ಬೇರು ಬ್ಲೈಂಡ್ ಲೆಮನ್ ಜೆಫರ್ಸನ್ ಅನ್ನೋ ಕರಿಯ ಬ್ಲೂಸ್ ಗಾಯಕ 1927ರಲ್ಲಿ ರೆಕಾರ್ಡ್ ಮಾಡಿದ ಹಾಡಲ್ಲಿದೆ. ಅಪ್ಪ ಗುನುಗ್ತಿದ್ದ ಸಾಲು ಅಂತ ಪರ್ಕಿನ್ಸ್ ತಗೊಂಡ, ತನ್ನ ಹೆಸರು ಹಾಕ್ಕೊಂಡ. ಎವ್ರಿಬಡೀಸ್ ಟ್ರೈಯಿಂಗ್ ಕೂಡ ರೆಕ್ಸ್ ಗ್ರಿಫಿನ್ ಅನ್ನೋ ಕಂಟ್ರಿ ಹಾಡುಗಾರ 1936ರಲ್ಲೇ ಅದೇ ಹೆಸರಲ್ಲಿ ಮಾಡಿದ್ದು. ಬಾಯಿಂದ ಬಾಯಿಗೆ ಹೋಗೋ ಹಾಡಿಗೆ ಯಾರ ಹೆಸರು ಅನ್ನೋದು ಆ ಕಡೆ ಆಗ ಅಷ್ಟು ಬಿಗಿ ಇರ್ಲಿಲ್ಲ, ನಿಜ, ಆದ್ರೂ ಚೆಕ್ ಮೇಲೆ ಒಬ್ಬರ ಹೆಸರೇ ಇರುತ್ತೆ ಅಲ್ವಾ. ಬೀಟಲ್ಸ್ ರಾಯಲ್ಟಿ ಬಂದಿದ್ದು ಇವನಿಗೆ, ಗ್ರಿಫಿನ್ 1950ರ ದಶಕದಲ್ಲೇ ಹೋಗಿಬಿಟ್ಟಿದ್ದ.

ನಾವು ಡಲ್ಲಾಸಲ್ಲಿ ಇರೋದು. ಲಾಂಗ್ ವೀಕೆಂಡಲ್ಲಿ ಮೆಂಫಿಸ್ ಕಡೆ ಹೋಗೋ ಪ್ಲಾನ್ ಇದೆ. ಪರ್ಕಿನ್ಸ್ ಸಂಬಂಧಪಟ್ಟಿದ್ದು ಏನು ನೋಡಬಹುದು? (ಟೆಕ್ಸಸ್, ಅಮೆರಿಕ)

ಮೆಂಫಿಸ್‌ನಲ್ಲಿ 706 ಯೂನಿಯನ್ ಅವೆನ್ಯೂ, ಸನ್ ಸ್ಟುಡಿಯೋ, ಒಳಗೆ ಟೂರ್ ಇರುತ್ತೆ, ರೂಮ್ ಎಷ್ಟು ಚಿಕ್ಕದು ಅಂತ ನೋಡಿದಾಗಲೇ ಗೊತ್ತಾಗೋದು. ಟೈಮ್ ಇದ್ರೆ ಇಂಟರ್‌ಸ್ಟೇಟ್ 40ರಲ್ಲಿ ಪೂರ್ವಕ್ಕೆ ಒಂದೂವರೆ ಗಂಟೆ ಡ್ರೈವ್ ಮಾಡಿದ್ರೆ ಜಾಕ್ಸನ್, ಅವನು ಬದುಕಿನ ಬಹುಪಾಲು ಕಳೆದ ಊರು, ಸಮಾಧಿನೂ ಅಲ್ಲೇ. ಮಕ್ಕಳ ಮೇಲಿನ ದೌರ್ಜನ್ಯ ತಡೆಯೋಕೆ ಅಂತ 1981ರಲ್ಲಿ ಅವನ ಹೆಸರಲ್ಲಿ ಶುರುವಾದ ಸೆಂಟರ್ ಅಲ್ಲಿದೆ, ಪೇಪರಲ್ಲಿ ಒಂದು ಮಗುವಿನ ಸಾವಿನ ಸುದ್ದಿ ಓದಿ ತಡ್ಕೊಳ್ಳೋಕೆ ಆಗದೆ ಇವನು ಅದಕ್ಕೆ ದುಡ್ಡೆತ್ತೋಕೆ ನಿಂತಿದ್ದು. ಅದು ನೋಡೋ ಜಾಗ ಅಲ್ಲ, ಈಗಲೂ ಕೆಲಸ ಮಾಡ್ತಿರೋ ಸಂಸ್ಥೆ, ಸುಮ್ನೆ ಫೋಟೋ ಹೊಡೆಯೋಕೆ ಹೋಗ್ಬೇಡಿ.

ಯಾವ ಹಾಡಿಂದ ಶುರು ಮಾಡ್ಲಿ? (ಉಡುಪಿ, ಕಾರವಾರ, ಕೋಲಾರ, ಇನ್ನೂ ಸುಮಾರು ಜನ)

ಶೂ ಹಾಡು ಬಿಟ್ಟು ಶುರು ಮಾಡಿ. ಮೊದಲು ಟರ್ನ್ ಅರೌಂಡ್, ಅಪ್ಪಟ ಕಂಟ್ರಿ, 1955ರದ್ದು, ನಿಧಾನದ ಹಾಡಲ್ಲಿ ಇವನ ಗಂಟಲು ಹೆಂಗೆ ಒಡೆಯುತ್ತೆ ಅಂತ ಕೇಳಿ. ಆಮೇಲೆ ಮೂವಿ ಮ್ಯಾಗ್, ಹುಡುಗಿಯನ್ನ ಕುದುರೆ ಮೇಲೆ ಕೂರಿಸ್ಕೊಂಡು ಸಿನಿಮಾಗೆ ಹೋಗೋ ಹಾಡು, ಅವನು ಚಿಕ್ಕ ಹುಡುಗ ಆಗಿದ್ದಾಗಲೇ ಬರೆದಿದ್ದಂತೆ. ಮೂರನೇದು ಹನಿ ಡೋಂಟ್, ಆಮೇಲೆ ಮ್ಯಾಚ್‌ಬಾಕ್ಸ್, ಪಿಯಾನೋ ಕಡೆನೂ ಒಂದು ಕಿವಿ ಇರ್ಲಿ. ಧಾರವಾಡದವರು ಡಿಕ್ಸೀ ಫ್ರೈಡ್ ಕೇಳಲೇಬೇಕು, ಬಾರಲ್ಲಿ ಕ್ಷೌರದ ಕತ್ತಿ ಹಿಡಿದು ಕುಣಿಯೋ ಒಬ್ಬ ಕುಡುಕನ ಕಥೆ, ಗಿಟಾರೂ ಕುಡಿದಿದೆ ಅನ್ನೋ ಹಾಗೆ ತೂರಾಡುತ್ತೆ. ಹೆಡ್‌ಫೋನ್ ಬೇಡ, ಸ್ಪೀಕರಲ್ಲಿ ಹಾಕಿ. ರೀಮಾಸ್ಟರ್ ಅಂತ ಸ್ಟೀರಿಯೋ ಮಾಡಿ ಹಾಕಿರೋ ವರ್ಷನ್‌ಗಳನ್ನ ಬಿಟ್ಟು ಮೋನೋ ಹುಡುಕ್ಕೊಳ್ಳಿ, ಸಿಕ್ಕಿಲ್ಲ ಅಂದ್ರೆ ಬರೀರಿ, ಲಿಂಕ್ ಕಳಿಸ್ತೀನಿ.